ಹದಿನಾಲ್ಕು ಇಂಜೆಕ್ಷನ್ನಿನ ಭಯ: ರೇಬೀಸ್ ಲಸಿಕೆ ಅಂದು ಮತ್ತು ಇಂದು

ಎಕ್ಕಂಬಿ ಹಾಗೂ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾಯಿ ಕಚ್ಚಿತು ಎಂದೊಡನೆ ಹಿರಿಯರಿಗೆ ಈಗಲೂ ನೆನಪಾಗುವುದು ಹೊಕ್ಕುಳ ಸುತ್ತ ಹಾಕುತ್ತಿದ್ದ ಹದಿನಾಲ್ಕು ಇಂಜೆಕ್ಷನ್. ಅದನ್ನು ತೆಗೆದುಕೊಂಡವರಿಗೆ ಕಾಲು ಸ್ವಾಧೀನ ತಪ್ಪಿತಂತೆ ಎಂಬ ಮಾತೂ ಅದರ ಜೊತೆ ಸೇರಿಕೊಳ್ಳುತ್ತದೆ. ಇದು ಕಟ್ಟುಕತೆ ಅಲ್ಲ. ಆದರೆ ಇಂದು ಆಸ್ಪತ್ರೆಯಲ್ಲಿ ಕೊಡುವ ಲಸಿಕೆಗೆ ಆ ಮಾತು ಅನ್ವಯಿಸುವುದಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ರೋಗಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಆದ್ದರಿಂದ ಈ ವ್ಯತ್ಯಾಸವನ್ನು ಸಮಾಜ ಬಾಂಧವರು ತಿಳಿದಿರುವುದು ಅಗತ್ಯ.

ಹಳೆಯ ಲಸಿಕೆ ಯಾವುದು?

1911ರಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯರು ಹಿಮಾಚಲದ ಕಸೌಲಿಯಲ್ಲಿ ಇದನ್ನು ರೂಪಿಸಿದರು. ಕುರಿಗಳಿಗೆ ರೇಬೀಸ್ ವೈರಾಣು ಚುಚ್ಚಿ, ಆ ಕುರಿಗಳ ಮೆದುಳನ್ನು ತೆಗೆದು ಅರೆದು, ವೈರಾಣುವನ್ನು ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ ಲಸಿಕೆ ಮಾಡುತ್ತಿದ್ದರು. ಲಸಿಕೆಯ ಪ್ರಮಾಣ ಹೆಚ್ಚಾದ್ದರಿಂದ ಹೊಟ್ಟೆಯ ಚರ್ಮದ ಅಡಿಗೆ ದಿನಕ್ಕೊಂದರಂತೆ ಚುಚ್ಚಬೇಕಾಗುತ್ತಿತ್ತು. ಸುಮಾರು ಒಂದು ಶತಮಾನ ಕಾಲ ನಮ್ಮ ಬಡವರಿಗೆ ಸಿಗುತ್ತಿದ್ದದ್ದು ಇದೇ. ಇದರಿಂದ ಎಷ್ಟೋ ಜೀವಗಳು ಉಳಿದವು ಎಂಬುದನ್ನೂ ಮರೆಯಬಾರದು.

ಕಾಲು ಏಕೆ ಬೀಳುತ್ತಿತ್ತು?

ನಮ್ಮ ನರಗಳ ಮೇಲೆ ತಂತಿಯ ಹೊದಿಕೆಯಂತೆ ಮೈಲಿನ್ ಎಂಬ ಪದರವಿದೆ. ಕುರಿಯ ಮೆದುಳಿನಲ್ಲಿಯೂ ಇದು ಹೇರಳವಾಗಿರುತ್ತದೆ. ಲಸಿಕೆಯ ಜೊತೆಗೆ ಈ ಮೈಲಿನ್ ಕೂಡ ದೇಹ ಸೇರಿದಾಗ ರೋಗನಿರೋಧಕ ವ್ಯವಸ್ಥೆ ಅದನ್ನೂ ಶತ್ರುವೆಂದು ತಿಳಿಯುತ್ತಿತ್ತು. ಕೆಲವರಲ್ಲಿ ಅದು ಮುಂದುವರಿದು ಸ್ವಂತ ನರಗಳ ಹೊದಿಕೆಯ ಮೇಲೇ ಎರಗುತ್ತಿತ್ತು. ಚಿಕಿತ್ಸೆ ಆರಂಭವಾದ ಕೆಲವು ದಿನಗಳಲ್ಲಿ ಅಥವಾ ವಾರಗಳಲ್ಲಿ ಜ್ವರ, ತಲೆನೋವು, ಕಾಲುಗಳ ನಿಶ್ಶಕ್ತಿ, ಮೂತ್ರ ಕಟ್ಟುವುದು, ಮುಖದ ಒಂದು ಬದಿ ಜೋಲುವುದು ಕಾಣಿಸಿಕೊಳ್ಳುತ್ತಿತ್ತು. ಕೆಲವರು ಗುಣಮುಖರಾದರು, ಕೆಲವರಿಗೆ ಊನ ಉಳಿಯಿತು, ಸಾವುಗಳೂ ಆದವು.

ಈ ತೊಂದರೆಯನ್ನು ವೈದ್ಯರು ಮುಚ್ಚಿಡಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂತಹ ರೋಗಿಗಳನ್ನು ಅಭ್ಯಾಸ ಮಾಡಿ 1984ರಲ್ಲಿ ವರದಿ ಪ್ರಕಟಿಸಿದರು. ನರ ಅಂಗಾಂಶದ ಲಸಿಕೆಯನ್ನು ಕೈಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಒತ್ತಾಯಿಸುತ್ತ ಬಂತು. ಕೊನೆಗೆ 2004ರ ಅಂತ್ಯಕ್ಕೆ ಭಾರತದಲ್ಲಿ ಕುರಿ ಮೆದುಳಿನ ಲಸಿಕೆಯ ತಯಾರಿಕೆ ನಿಂತಿತು.

ಇಂದಿನ ಲಸಿಕೆ

ಈಗಿನ ಲಸಿಕೆಯ ವೈರಾಣುವನ್ನು ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಿ, ನಿಷ್ಕ್ರಿಯಗೊಳಿಸಿ, ಶುದ್ಧೀಕರಿಸುತ್ತಾರೆ. ಇದರಲ್ಲಿ ಮೆದುಳಿನ ಅಂಶವಿಲ್ಲ. ಹೊಟ್ಟೆಗೆ ಚುಚ್ಚುವುದಿಲ್ಲ. ದೊಡ್ಡವರಿಗೆ ತೋಳಿನ ಸ್ನಾಯುವಿಗೆ ಕೊಡುವುದಾದರೆ 0, 3, 7, 14 ಮತ್ತು 28ನೇ ದಿನ. ಚರ್ಮದೊಳಗೆ ಕೊಡುವುದಾದರೆ 0, 3, 7 ಮತ್ತು 28ನೇ ದಿನ.

ಅಹಿಂಸೆಯ ದೃಷ್ಟಿಯಿಂದ ಶ್ರಾವಕರು ಕೇಳುವ ಪ್ರಶ್ನೆಗೂ ಇಲ್ಲಿ ನೇರ ಉತ್ತರ ಹೇಳಬೇಕು. ಹೆಚ್ಚು ಬಳಕೆಯಲ್ಲಿರುವ ವೀರೋ ಜೀವಕೋಶಗಳ ಮೂಲ 1962ರಲ್ಲಿ ಜಪಾನಿನಲ್ಲಿ ಆಫ್ರಿಕದ ಒಂದು ಕೋತಿಯ ಮೂತ್ರಪಿಂಡದಿಂದ ಪಡೆದದ್ದು. ಅವೇ ಕೋಶಗಳು ಇಂದಿಗೂ ವೃದ್ಧಿಯಾಗುತ್ತಿವೆ; ಪ್ರತಿ ಬಾರಿಯೂ ಹೊಸ ಪ್ರಾಣಿ ಬೇಕಿಲ್ಲ. ಕೋಳಿ ಮೊಟ್ಟೆಯ ಭ್ರೂಣಕೋಶಗಳಲ್ಲಿ ಬೆಳೆಸಿದ ಲಸಿಕೆಗಳೂ ಇವೆ. ಕೋಶಗಳನ್ನು ಬೆಳೆಸುವಾಗ ಪ್ರಾಣಿಜನ್ಯ ವಸ್ತು ಬಳಕೆಯಾಗುವುದೂ ಉಂಟು. ಆದ್ದರಿಂದ ಪೂರ್ಣ ನಿರ್ದೋಷವೆನ್ನಲಾಗದು. ಆದರೆ ಕುರಿಗಳನ್ನು ಕೊಂದು ಮಾಡುತ್ತಿದ್ದ ಕಾಲ ಹೋಗಿದೆ. ಈ ವಿಷಯವನ್ನು ಪೂಜ್ಯ ಗುರುಗಳಲ್ಲಿ ಚರ್ಚಿಸುವುದು ಒಳ್ಳೆಯದೇ, ಆದರೆ ನಾಯಿ ಕಚ್ಚುವ ಮೊದಲೇ ಚರ್ಚಿಸಿರಬೇಕು.

ಯಾವುದು ಸಹಜ, ಯಾವುದು ಅಪಾಯ?

ಚುಚ್ಚಿದ ಜಾಗದಲ್ಲಿ ನೋವು, ಕೆಂಪು, ತುರಿಕೆ, ಸಣ್ಣ ಜ್ವರ, ಮೈಕೈ ನೋವು ಸಹಜ. ಇದಕ್ಕಾಗಿ ಮುಂದಿನ ಡೋಸ್ ಬಿಡಬಾರದು. ಉಪವಾಸದ ದಿನ ಸೂಜಿ ಕಂಡು ತಲೆಸುತ್ತು ಬಂದರೆ ಅದನ್ನು ಲಸಿಕೆಯ ದೋಷವೆನ್ನಲಾಗದು. ದಶಲಕ್ಷಣ ಪರ್ವದಲ್ಲಿ ಡೋಸ್ ದಿನಾಂಕ ಬಂದರೆ ಮುಂದೂಡದೆ, ಉಪವಾಸವಿರುವುದನ್ನು ಮೊದಲೇ ತಿಳಿಸಿ ಮಲಗಿಕೊಂಡು ಚುಚ್ಚಿಸಿಕೊಳ್ಳಬಹುದು.

ಉಸಿರಾಟ ಕಷ್ಟವಾಗುವುದು, ತುಟಿ ಅಥವಾ ಗಂಟಲು ಊದಿಕೊಳ್ಳುವುದು, ಮೈಯೆಲ್ಲ ದದ್ದು ಏಳುವುದು ತೀವ್ರ ಅಲರ್ಜಿಯ ಲಕ್ಷಣ. ಇದು ಬಹಳ ವಿರಳ. ಬಂದರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಬರುತ್ತದೆ, ಕೂಡಲೇ ಅಡ್ರಿನಲಿನ್ ಕೊಟ್ಟರೆ ಹತೋಟಿಗೆ ಬರುತ್ತದೆ. ಆದ್ದರಿಂದಲೇ ಲಸಿಕೆಯ ನಂತರ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕುಳಿತಿರಬೇಕು. ಆಳವಾದ ಗಾಯಕ್ಕೆ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಕುದುರೆಯ ರಕ್ತದಿಂದ ಬಂದದ್ದಾಗಿದ್ದರೆ, ಒಂದೆರಡು ವಾರದ ನಂತರ ಕೆಲವರಿಗೆ ಜ್ವರ, ಕೀಲುನೋವು, ದದ್ದು ಬರಬಹುದು. ಆಗ ವೈದ್ಯರಿಗೆ ತೋರಿಸಬೇಕು.

ಏನೇ ಅಸಹಜವೆನಿಸಿದರೂ ಆಶಾ ಕಾರ್ಯಕರ್ತೆಗೆ ಅಥವಾ ಲಸಿಕೆ ಕೊಟ್ಟ ಆಸ್ಪತ್ರೆಗೆ ತಿಳಿಸಿರಿ. ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕವಿರುವ ಚೀಟಿ ಜೋಪಾನವಾಗಿರಲಿ. ಹಳೆಯ ಲಸಿಕೆ ಬದಲಾದದ್ದು ರೋಗಿಗಳ ತೊಂದರೆ ದಾಖಲಾದ ಕಾರಣದಿಂದ; ಜಗಲಿಯ ಮೇಲಿನ ಗಾಳಿಮಾತಿನಿಂದಲ್ಲ.

ನಾಯಿ, ಬೆಕ್ಕು, ಮಂಗ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿರಿ. ಗರ್ಭಿಣಿಯರು, ಬಾಣಂತಿಯರು, ಮಕ್ಕಳು, ವೃದ್ಧರು ಎಲ್ಲರೂ ಈ ಲಸಿಕೆ ಪಡೆಯಬಹುದು.

ಜೈ ಜಿನೇಂದ್ರ.