ಗುದ್ದಿ ಹಣ್ಣು ಮಾಡಲಾದೀತೆ?

‘ಆಪ್ತಸಲಹೆ’ ಎಂಬ ಮಾತು ಇಂದು ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ಆದರೆ ತಾನಾಗಿ ಬಾರದವನ ವಿಷಯದಲ್ಲಿ ಈ ಸಮಾಸದ ಎರಡು ಪದಗಳೂ ಹುಸಿಯಾಗುತ್ತವೆ. ಎದುರಿಗೆ ಕುಳಿತವರು ಅವನಿಗೆ ಆಪ್ತರಲ್ಲ, ಅವರ ಸಲಹೆಯನ್ನು ಅವನು ಬೇಡಿಯೂ ಇಲ್ಲ. ಹೆಂಡತಿಯ ಕಣ್ಣೀರಿಗೆ ಮಣಿದು ವ್ಯಸನಮುಕ್ತಿ ಕೇಂದ್ರದ ಮೆಟ್ಟಿಲೇರಿದ ಕುಡುಕ, ವಿಚ್ಛೇದನ ಕೋರಿ ಹೋಗಿ ಸಲಹೆಗಾರರ ಮುಂದೆ ಕೂರಬೇಕಾಗಿ ಬಂದ ದಂಪತಿಗಳು, ಬಾಲನ್ಯಾಯ ಮಂಡಳಿ ಕಳುಹಿಸಿದ ಹುಡುಗ, ಇವರೆಲ್ಲರೂ ಪರೇಚ್ಛೆಯಿಂದ ಬಂದವರೇ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯು ಮೊದಲು ರಾಜಿಗೆ ಯತ್ನಿಸಬೇಕೆಂದು ವಿಧಿಸಿತು. 2015ರ ಬಾಲನ್ಯಾಯ ಕಾಯಿದೆಯು ಮಕ್ಕಳನ್ನು ಸಲಹೆಗೆ ಕಳುಹಿಸುವ ಅಧಿಕಾರವನ್ನು ಮಂಡಳಿಗಿತ್ತಿತು. ಕಾಯಿದೆಯು ದೇಹವನ್ನು ಕೋಣೆಯವರೆಗೆ ತರಬಲ್ಲುದು. ಮನಸ್ಸಿನ ಮೇಲೆ ಅದರ ಅಧಿಕಾರ ನಡೆಯದು.

ಇಂಥ ಕೋಣೆಯ ಒಂದು ಬೆಳಗನ್ನು ಊಹಿಸಿಕೊಳ್ಳೋಣ. ನಲವತ್ತರ ಆಸುಪಾಸಿನ ಗಂಡಸೊಬ್ಬ, ಈಗಲೇ ಎದ್ದುಹೋಗುವವನಂತೆ, ಕುರ್ಚಿಯ ಅಂಚಿನಲ್ಲಿ ಕುಳಿತಿದ್ದಾನೆ. ಆಸ್ಪತ್ರೆಯ ಚೀಟಿ ಹೆಂಡತಿಯ ಕೈಯಲ್ಲಿದೆ. ಬಾಗಿಲಾಚೆ ಭಾವಮೈದುನನ ಕಾವಲಿದೆ. “ನನಗೇನೂ ಆಗಿಲ್ಲ ಸಾರ್, ಇವಳ ಕಾಟ ತಡೀಲಾರದೆ ಬಂದೆ.”

ಅನುಭವ ಸಾಲದ ಸಲಹೆಗಾರನು ಇಲ್ಲಿಯೇ ಎಡವುತ್ತಾನೆ. ಹಾಳಾಗುವ ಪಿತ್ತಜನಕಾಂಗ, ಏರುವ ಸಾಲ, ಮಕ್ಕಳ ಭವಿಷ್ಯ ಎಂದು ಉಪದೇಶ ತೊಡಗುತ್ತದೆ. ಇವೆಲ್ಲವನ್ನೂ ಆತ ಮನೆಯಲ್ಲಿ ಎಷ್ಟೋ ರಾತ್ರಿ ಕೇಳಿ ಬಂದವನು. ಕುಡಿತದ ವಿರುದ್ಧದ ಮಾತುಗಳನ್ನೆಲ್ಲ ಸಲಹೆಗಾರನೇ ಆಡಿ ಮುಗಿಸಿದರೆ, ಕುಡಿತದ ಪರವಾಗಿ ವಕಾಲತ್ತು ವಹಿಸುವುದೊಂದೇ ಕುಡುಕನ ಪಾಲಿಗೆ ಉಳಿಯುತ್ತದೆ. ಮನುಷ್ಯನಾದರೋ ತನ್ನ ಬಾಯಿಂದಲೇ ಹೊರಟ ವಾದವನ್ನು ಬಹುಬೇಗ ನಂಬುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಇದೇ ತತ್ತ್ವದ ಮೇಲೆ ಸಂದರ್ಶನದ ಹೊಸ ಕ್ರಮವೊಂದನ್ನು ಮುಂದಿಟ್ಟರು; 1991ರಲ್ಲಿ ಸ್ಟೀಫನ್ ರೋಲ್ನಿಕ್ ಅವರೊಡನೆ ಅದನ್ನು ಗ್ರಂಥರೂಪಕ್ಕೆ ತಂದರು. ಸಲಹೆಗಾರನು ಎಷ್ಟೆಷ್ಟು ಎದುರುಬಿದ್ದನೋ, ವರ್ಷದ ಬಳಿಕ ಕುಡುಕನು ಅಷ್ಟಷ್ಟು ಹೆಚ್ಚು ಕುಡಿಯುತ್ತಿದ್ದನೆಂಬುದು ಮಿಲ್ಲರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂದಿತು. ಕಾಯಿಯನ್ನು ಗುದ್ದಿ ಹಣ್ಣು ಮಾಡಲಾಗದೆಂದು ನಮ್ಮ ಹಿರಿಯರು ಅರಿತಿದ್ದುದೂ ಇದನ್ನೇ.

ಬಲ್ಲ ಸಲಹೆಗಾರನು ಹೆಂಡತಿಯನ್ನು ತುಸುಹೊತ್ತು ಹೊರಗೆ ಕೂರಿಸಿ, ಬಲವಂತವನ್ನು ಬಲವಂತವೆಂದೇ ಒಪ್ಪಿಕೊಳ್ಳುತ್ತಾನೆ: “ಹಾಗಾದರೆ ಇಲ್ಲಿಗೆ ಬರೋದು ನಿಮ್ಮ ಯೋಚನೆಯಲ್ಲ. ಎಳ್ಕೊಂಡು ಬಂದರೆ ಯಾರಿಗಾದರೂ ಸಿಟ್ಟು ಬರುತ್ತೆ.” ಅನಂತರ, “ಕುಡಿತ ಬಿಡೋದು ನಿಮಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರೊಳಗೆ ಹೇಳಿ.”

“ಎರಡು.”

“ಸೊನ್ನೆ ಅಂತ ಯಾಕೆ ಹೇಳಲಿಲ್ಲ?”

ಆತ ಬಹಳ ಹೊತ್ತು ನೆಲವನ್ನೇ ನೋಡುತ್ತಾನೆ. “ಮಗಳು ನನ್ನ ಸ್ಕೂಟರ್ ಹತ್ತಲ್ಲ ಅಂತಾಳೆ, ಸಾರ್.”

ಹತ್ತು ಏಕಲ್ಲವೆಂದು ಕೇಳಿದ್ದರೆ ಕುಡಿಯಲು ಕಾರಣಗಳು ಸಾಲುಗಟ್ಟುತ್ತಿದ್ದವು. ಸೊನ್ನೆ ಏಕಲ್ಲವೆಂದು ಕೇಳಿದುದರಿಂದ ಬಿಡಲು ಕಾರಣವೊಂದು, ಅದೂ ಆತನ ಬಾಯಿಂದಲೇ, ಹೊರಬಂದಿತು.

ಈ ಸೌಮ್ಯತೆಗೂ ಮೇರೆಯುಂಟು. ಬಹುಕಾಲ ವಿಪರೀತವಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ನಡುಕ, ಫಿಟ್ಸ್, ಮತಿಭ್ರಮೆಗಳು ತಲೆದೋರಬಹುದಾದುದರಿಂದ ವೈದ್ಯರ ನೆರವು ಬೇಕೇಬೇಕು. ಹೊಡೆತ ಬಡಿತಗಳಿರುವ ಸಂಸಾರದಲ್ಲಿ ಹೆಂಡತಿಯ ರಕ್ಷಣೆ ಮೊದಲಿನದು. ರಾಜಿಯ ಮಾತು ಆಮೇಲಿನದು. ಇನ್ನು, ಇಲ್ಲಿ ಆಡಿದುದರಲ್ಲಿ ಯಾವುದು ನ್ಯಾಯಾಲಯಕ್ಕೆ ಹೋಗುವುದು, ಯಾವುದು ನಾಲ್ಕು ಗೋಡೆಗಳೊಳಗೆ ಉಳಿಯುವುದು ಎಂಬುದನ್ನು ಆರಂಭದಲ್ಲಿಯೇ ತಿಳಿಸದವನು ಮುಂದೆ ವಿಶ್ವಾಸವನ್ನು ಕೇಳಲು ಅನರ್ಹ. ಬಲವಂತಕ್ಕೂ ಮೇರೆಯುಂಟು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸಮ್ಮತಿಯಿಲ್ಲದೆ ಆಸ್ಪತ್ರೆಗೆ ಸೇರಿಸುವುದನ್ನು ಗಂಭೀರ ಸ್ಥಿತಿಗಳಿಗೆ ಮಾತ್ರ ಸೀಮಿತಗೊಳಿಸಿ, ಅದಕ್ಕೆ ಮೊದಲಿಗೆ 30 ದಿನಗಳ ಗಡಿಯನ್ನು ಹಾಕಿದೆ.

ಬಲವಂತದಿಂದ ಬಂದವನಿಗೆ ಮೊದಲು ಹಿಂದಿರುಗಿಸಬೇಕಾದುದು ಅವನ ಆಯ್ಕೆಯನ್ನು, ಅದು ಎಷ್ಟೇ ಕಿರಿದಾಗಿರಲಿ. “ಸೋಮವಾರ ಬರ್ತೀರೋ, ಗುರುವಾರವೋ?” ಎಂದು ಸಲಹೆಗಾರ ಕೇಳುತ್ತಾನೆ. ಸೋಮವಾರ ಸಂತೆಯೆಂದು ನೆನೆದು, ಆತ ಗುರುವಾರವೆನ್ನುತ್ತಾನೆ. ಹೊರಬಂದವನು ಹೆಂಡತಿಯ ಕೈಯಲ್ಲಿದ್ದ ಚೀಟಿಯನ್ನು ತೆಗೆದುಕೊಂಡು, ಮಡಚಿ, ತನ್ನ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ.