ಕೆಂಪು ಚೇಳಿನ ಕೊಂಡಿಯಲ್ಲಿ ಕೀಲುನೋವಿಗೆ ಮದ್ದಿದೆಯೇ?

ಕಡಲೆಕಾಯಿ ಕಿತ್ತು ಬಳ್ಳಿ ಒಟ್ಟುವ ಕಾಲಕ್ಕೆ ನಮ್ಮ ಸೆಟ್ಟೂರಿನ ಕಡೆ ಮನೆಮನೆಯಲ್ಲೂ ಒಂದು ಮಾತು ಕೇಳಿಸುತ್ತದೆ: "ಕಲ್ಲು ಎತ್ತಬೇಡ್ರೋ, ಚೇಳಿರುತ್ತೆ!" ಮೊನ್ನೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ, "ಸಾರ್, ಚೇಳಿನ ವಿಷದಿಂದ ಔಷಧಿ ಮಾಡ್ತಾರಂತೆ, ನಿಜಾನಾ?" ಅರ್ಧ ನಿಜ ಅಂದೆ. ಉಳಿದರ್ಧ ಏನು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾವ ಚೇಳು? ದಪ್ಪ ಇಕ್ಕುಳದ ದೊಡ್ಡ ಕರಿ ಚೇಳನ್ನು ಕಂಡರೆ ಎಲ್ಲರಿಗೂ ಭಯ. ಆದರೆ ಜೀವಕ್ಕೆ ಅಪಾಯ ತರುವುದು ತೆಳು ಇಕ್ಕುಳದ ಸಣ್ಣ ಕೆಂಪು ಚೇಳು, ಹೊಟೆಂಟೊಟ್ಟಾ ಟ್ಯಾಮುಲಸ್. ಅದರ ವಿಷ ಒಂದೇ ವಸ್ತುವಲ್ಲ, ಹಲವು ವಸ್ತುಗಳ ಮಿಶ್ರಣ. ಅದರಲ್ಲಿ ಮುಖ್ಯವಾದವು ಪೆಪ್ಟೈಡ್‌ಗಳು, ಅಂದರೆ ಅಮೈನೋ ಆಮ್ಲಗಳನ್ನು ಮಣಿಯಂತೆ ಪೋಣಿಸಿದ ಚಿಕ್ಕ ಸರಗಳು.

ಜೀವಕೋಶದ ಪೊರೆಯಲ್ಲಿ ಅಯಾನುಗಳು ಹೋಗಿಬರಲು ಬಾಗಿಲುಗಳಿವೆ. ಸೋಡಿಯಂಗೆ ಬೇರೆ, ಪೊಟ್ಯಾಸಿಯಂಗೆ ಬೇರೆ. ಚೇಳಿನ ಕೆಲವು ಪೆಪ್ಟೈಡ್‌ಗಳು ನರಕೋಶದ ಸೋಡಿಯಂ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ. ನರಗಳು ನಿಲ್ಲದೆ ಸಂದೇಶ ಕಳಿಸುತ್ತಲೇ ಇರುತ್ತವೆ, ಅಡ್ರಿನಲಿನ್ ಉಕ್ಕುತ್ತದೆ. ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು, ಕೊನೆಗೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಹಳ್ಳಿಯ ಆಸ್ಪತ್ರೆಯಲ್ಲಿ ರೋಗಿಗಳ ಪಕ್ಕದಲ್ಲೇ ಕೂತು ಇದನ್ನು ಗಮನಿಸಿದರು. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಮಾತ್ರೆಯನ್ನು ಚೇಳು ಕಡಿದವರಿಗೆ ಕೊಟ್ಟರು. ಗಂಭೀರ ಸ್ಥಿತಿಯಲ್ಲಿ ಬಂದವರಲ್ಲಿ ನೂರಕ್ಕೆ ಸುಮಾರು 40 ಇದ್ದ ಸಾವು 1ರ ಆಸುಪಾಸಿಗೆ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈಗ ಪೊಟ್ಯಾಸಿಯಂ ಬಾಗಿಲಿಗೆ ಬರೋಣ. ಇದೇ ಕೆಂಪು ಚೇಳಿನ ವಿಷದಿಂದ 1990ರಲ್ಲಿ ಐಬೀರಿಯೋಟಾಕ್ಸಿನ್ ಎಂಬ ಪೆಪ್ಟೈಡ್ ಬೇರ್ಪಡಿಸಿದರು. 37 ಅಮೈನೋ ಆಮ್ಲಗಳ ಸರ, ಮೂರು ಕಡೆ ಗಂಧಕದ ಗಂಟು. ಆ ಗಂಟುಗಳಿಂದ ಅದು ಬಿಗಿಯಾದ ಉಂಡೆಯಂತಾಗಿ ಒಂದು ಬಗೆಯ ಪೊಟ್ಯಾಸಿಯಂ ಬಾಗಿಲಿಗೆ ಹೊರಗಿನಿಂದ ಬಿರಡೆಯ ಹಾಗೆ ಕೂರುತ್ತದೆ.

ಇದರಿಂದ ಏನು ಉಪಯೋಗ? ರುಮಟಾಯ್ಡ್ ಸಂಧಿವಾತದಲ್ಲಿ ಕೀಲಿನ ಒಳಪದರದ ಕೋಶಗಳು ಮಿತಿಮೀರಿ ಬೆಳೆದು ಮೂಳೆ, ಮೃದ್ವಸ್ಥಿಗಳನ್ನು ಹಾಳುಮಾಡುತ್ತವೆ. ಆ ಕೋಶಗಳಿಗೆ ಈ ಬಾಗಿಲು ಬೇಕು. ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಬೇಲರ್ ವೈದ್ಯಕೀಯ ಕಾಲೇಜಿನ ಕ್ರಿಸ್ಟೀನ್ ಬೀಟನ್ ಅವರ ತಂಡ ಈ ರೋಗವಿದ್ದ ಇಲಿಗಳಿಗೆ ಐಬೀರಿಯೋಟಾಕ್ಸಿನ್ ಕೊಟ್ಟು, ರೋಗದ ತೀವ್ರತೆ ಕಡಿಮೆಯಾಗಿದ್ದನ್ನು 2018ರಲ್ಲಿ ಪ್ರಕಟಿಸಿತು. ಅದೇ ಬಾಗಿಲನ್ನು ಮುಚ್ಚುವ ಇನ್ನೊಂದು ವಸ್ತು ಇಲಿಗಳಿಗೆ ನಡುಕ ತಂದಿತ್ತು, ಇದು ತರಲಿಲ್ಲ. ನನಗೆ ಬಹಳ ಹಿಡಿಸಿದ ಭಾಗ ಇದೇ.

ಆದರೆ ನೋಡಿ, ಇಲಿ ಬೇರೆ, ನಮ್ಮಜ್ಜಿಯ ಮಂಡಿ ಬೇರೆ. ಇಲಿಯಲ್ಲಿ ಗೆದ್ದ ಎಷ್ಟೋ ವಸ್ತುಗಳು ಮನುಷ್ಯರಲ್ಲಿ ಸೋತಿವೆ. ಪೆಪ್ಟೈಡನ್ನು ನುಂಗಿದರೆ ಹೊಟ್ಟೆ ಅದನ್ನು ಬೇಳೆಯಂತೆ ಜೀರ್ಣಿಸಿಬಿಡುತ್ತದೆ, ಆದ್ದರಿಂದ ಗುಳಿಗೆ ಮಾಡುವುದೂ ಸುಲಭವಲ್ಲ. ಇನ್ನು ಸಂತೆಯಲ್ಲಿ ಯಾರಾದರೂ ಚೇಳಿನೆಣ್ಣೆ ಮಾರಿದರೆ, ಅದಕ್ಕೂ ಈ ಸಂಶೋಧನೆಗೂ ಸಂಬಂಧವಿಲ್ಲ. ಇಡೀ ವಿಷ ಬೇರೆ, ಅದರಿಂದ ಆರಿಸಿದ ಒಂದು ಪೆಪ್ಟೈಡ್ ಬೇರೆ. ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಬಹುದು, ಚೇಳು ಹಿಡಿಯೋಕೆ ಹೋಗಬೇಡಿ!

ಅಕಸ್ಮಾತ್ ಕುಟುಕಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರ ಹಾಕಿಸುತ್ತಾ ಹೊತ್ತು ಕಳೆಯಬೇಡಿ. ಮೈ ಬೆವರಿ ಕೈಕಾಲು ತಣ್ಣಗಾಗುತ್ತಿದ್ದರೆ, ಅದರಲ್ಲೂ ಕುಟುಕಿಸಿಕೊಂಡದ್ದು ಚಿಕ್ಕ ಮಗುವಾದರೆ, ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿಸಿ. "ಚೇಳು ಕಡಿದಿದೆ, ಇಷ್ಟು ಹೊತ್ತಾಯಿತು" ಎಂದು ಡಾಕ್ಟರಿಗೆ ಮೊದಲೇ ಹೇಳಿ.