ಅಮ್ಮನಿಗೇಕೆ ಚಳಿಯಲ್ಲೂ ಸೆಕೆ?

ಸಂಕ್ರಾಂತಿಯ ಹಿಂದಿನ ದಿನ. ನಾನು ಶಾಲು ಹೊದ್ದು ಎಳ್ಳು-ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದೆ. ಅಡುಗೆಮನೆಯಿಂದ ಬಂದ ಸೊಸೆ ಫ್ಯಾನ್ ಹಾಕಿ ಅದರ ಕೆಳಗೇ ನಿಂತಳು. ಮುಖ ಕೆಂಪಾಗಿತ್ತು, ಹಣೆಯಲ್ಲಿ ಬೆವರು. “ಅಯ್ಯೋ, ಚಳಿ!” ಎಂದು ಎಂಟನೇ ತರಗತಿಯ ಮೊಮ್ಮಗಳು ಫ್ಯಾನ್ ಆರಿಸಿದಳು. ಸೊಸೆ ರೇಗಿಬಿಟ್ಟಳು.

“ಅಜ್ಜಿ, ಅಮ್ಮನಿಗೆ ಈಗೀಗ ನನ್ನ ಕಂಡ್ರೆ ಆಗೋದೇ ಇಲ್ಲ” ಎಂದು ಮಗು ಅತ್ತಿತು.

ಆ ಮಾತು ನನಗೆ ಚುಚ್ಚಿತು. 30 ವರ್ಷದ ಹಿಂದೆ ನನಗೂ ಹೀಗೇ ಆಗಿತ್ತು. ರಾತ್ರಿ ಬೆವರಿ ಎಚ್ಚರವಾಗುತ್ತಿತ್ತು. ಬೆಳಗ್ಗೆ, ಕಾಲೇಜಿಗೆ ಹೊರಟ ಮಗನ ಮೇಲೆ ಸಿಡುಕುತ್ತಿದ್ದೆ. ಕಾರಣ ಯಾರಿಗೂ ಹೇಳಲಿಲ್ಲ. ಹೇಳುವ ಮಾತೆಂದೇ ಅನಿಸಿರಲಿಲ್ಲ. ಈ ಸಲ ಸುಮ್ಮನಿರಬಾರದೆಂದು ಸೊಸೆಯನ್ನು ಕೇಳಿದೆ. “ನೀವೇ ಹೇಳಿ ಅತ್ತೆ, ನನಗೆ ಹೇಗೆ ಹೇಳೋದೋ ತಿಳೀತಿಲ್ಲ” ಎಂದಳು.

ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. “ಹೆಣ್ಣುಮಕ್ಕಳಿಗೆ ಮುಟ್ಟು ಶುರುವಾಗುವ ಹಾಗೆ, ನಿಲ್ಲುವ ಕಾಲವೂ ಬರುತ್ತೆ ಪುಟ್ಟಿ. ಅದಕ್ಕೆ ಋತುಬಂಧ ಅಂತಾರೆ. ಸಾಮಾನ್ಯವಾಗಿ 45ರಿಂದ 55 ವರ್ಷದೊಳಗೆ ಆಗುತ್ತೆ. ಅದು ಕಾಯಿಲೆಯಲ್ಲ.”

ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ಲೆಕ್ಕ. ಅದಕ್ಕೆ ಮುಂಚಿನ ಕೆಲವು ವರ್ಷಗಳಲ್ಲೇ ಈಸ್ಟ್ರೋಜೆನ್ ಎಂಬ ಹಾರ್ಮೋನು ಏರುಪೇರಾಗಿ, ಕ್ರಮೇಣ ಕಡಿಮೆಯಾಗುತ್ತದೆ. ಆಗ ಮೈಯ ಬಿಸಿಯನ್ನು ಹದದಲ್ಲಿಡುವ ಮೆದುಳಿನ ಭಾಗ ಸ್ವಲ್ಪ ಬಿಸಿಯನ್ನೇ ಹೆಚ್ಚೆಂದು ತಿಳಿಯುತ್ತದೆ. ಇದ್ದಕ್ಕಿದ್ದಂತೆ ಮೈಯೆಲ್ಲ ಕಾದು ಬೆವರುತ್ತದೆ, ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ನಿದ್ದೆ ಕೆಟ್ಟರೆ ಸಿಟ್ಟೂ ಬೇಗ ಬರುತ್ತದೆ. ಎಲ್ಲರಿಗೂ ಒಂದೇ ರೀತಿ ಆಗುವುದಿಲ್ಲ. ಕೆಲವರಿಗೆ ಏನೂ ತೊಂದರೆಯಾಗದು.

“ಹಾಗಾದ್ರೆ ಅಮ್ಮನಿಗೆ ನನ್ನ ಮೇಲೆ ಸಿಟ್ಟಿಲ್ವಾ?”

“ಇಲ್ಲ ಕಂದ.”

ಪೇಪರ್ ಓದುತ್ತಿದ್ದ ಮಗ ತಲೆಯೆತ್ತಿದ. “ಅಮ್ಮಾ, ಆಗ ನಿನಗೂ ಹೀಗೇ ಆಗಿತ್ತಾ?” ನಾನು ತಲೆಯಾಡಿಸಿದೆ. ಅವನು ಎದ್ದು ಫ್ಯಾನ್ ಹಾಕಿದ.

ಮಕ್ಕಳೇ, ಅಮ್ಮನಿಗೆ ಸೆಕೆಯಾದಾಗ ಒಂದು ಲೋಟ ನೀರು ಕೊಡಿ, ಕೆಲಸದಲ್ಲಿ ಕೈಜೋಡಿಸಿ. ಸಂಜೆ ಜೊತೆಯಲ್ಲಿ ವಾಕಿಂಗ್ ಹೋಗಿ. ಈ ವಯಸ್ಸಿನ ನಂತರ ಮೂಳೆ ಬೇಗ ಸವೆಯುತ್ತದೆ. ರಾಗಿ, ಎಳ್ಳು, ಮೊಸರು ಊಟದಲ್ಲಿರಲಿ. ತೊಂದರೆ ಹೆಚ್ಚಾದರೆ ಸಹಿಸಿಕೊಂಡು ಕೂರಬೇಕಿಲ್ಲ, ಚಿಕಿತ್ಸೆಯಿದೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು.

ನನ್ನ ವಯಸ್ಸಿನ ಅಜ್ಜಿಯರಿಗೆ ಒಂದು ಮಾತು: ನಾವು ನುಂಗಿಕೊಂಡದ್ದನ್ನು ನಮ್ಮ ಹೆಣ್ಣುಮಕ್ಕಳೂ ನುಂಗಿಕೊಳ್ಳುವುದು ಬೇಡ. ಇವತ್ತೇ ಕೂರಿಸಿಕೊಂಡು ಮಾತಾಡಿ. ತಾತಂದಿರೂ ಜೊತೆಗಿರಲಿ.